ಶಂಕ್ರಮ್ಮನ ಒಲೆಯ ಬಳಿ ಕಂಡಕ್ಟರ್ ಮಮತಾ

ಬಾಯಿದ್ದವರು ಬರಗಾಲದಲ್ಲಿ ಬದುಕಿದರು ಎನ್ನುತ್ತಾರಲ್ಲ, ಆ ಬಾಯಿ ಬಸ್ ಕಂಡಕ್ಟರ್ ಮಮತಾಳಿಗೆ ಧಾರಾಳವಾಗಿತ್ತು. ಹೊನ್ನಾಳಿಯಿಂದ ನ್ಯಾಮತಿಗೆ ಹೊರಟ ಬಸ್ಸಿನಲ್ಲಿ ಆಕೆ 'ಹೋಲ್ಡಾನ್' ಎಂದರೆ ಹಿಂದೆ ಬರುವ ಟ್ರ್ಯಾಕ್ಟರೂ ನಿಲ್ಲಬೇಕು! ಅಂಥ ದನಿ ಬೇರೆಯವರ ಅಡುಗೆಮನೆ ಮುಂದೆ ಮಾತ್ರ ಅಡಗಿಹೋಗುತ್ತಿತ್ತು. ಕತ್ತಲಗೆರೆಯ ದೊಡ್ಡ ಮನೆಗಳ ಕೊಟ್ಟಿಗೆ ಬಳಿದು, ಹಿತ್ತಲಲ್ಲೇ ನಿಂತು ಚಹಾ ಕುಡಿದು ಬಾಳಿದ ಅವ್ವ ಹೊನ್ನೂರಮ್ಮ ಚಿಕ್ಕಂದಿನಲ್ಲೇ ಹೇಳಿಬಿಟ್ಟಿದ್ದಳು: "ಯಾರ ಒಲೆ ಹತ್ರಕ್ಕೂ ಹೋಗಬ್ಯಾಡ. ಮರ್ಯಾದೆ ಕಳಕೊಂಡು ಬರ್ತೀಯ."

ಆದರೆ ಮಗಳು ಅಕ್ಷಿತಾಳಿಗೆ ಶೇಂಗಾ ಆಗುವುದಿಲ್ಲ. ಆಗುವುದಿಲ್ಲ ಎಂದರೆ ತುರಿಕೆ ಗಿರಿಕೆಯಲ್ಲ. ಹೋದ ವರ್ಷ ಜಗಳೂರಿನ ಮದುವೆಯೊಂದರಲ್ಲಿ ನಾಲಿಗೆಗೆ ಚಟ್ನಿ ಸೋಕಿದ್ದಕ್ಕೇ ತುಟಿ ಊದಿ, ಉಸಿರು ಕಟ್ಟಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ನೀಲಿಗಟ್ಟಿತ್ತು. ಶೇಂಗಾಪುಡಿ ಉದುರಿಸದೆ ಪಲ್ಯ ಇಳಿಸದ ಈ ಸೀಮೆಯಲ್ಲಿ ಅಂಥ ಮಗುವನ್ನು ಬೆಳೆಸುವುದು ಹುಡುಗಾಟವೇ?

ಹುಟ್ಟುಹಬ್ಬಕ್ಕೆ ಪಾಸ್ತಾ ಬೇಕೆಂದು ಹುಡುಗಿ ಹಟ ಹಿಡಿದಳು. ಚನ್ನಗಿರಿಯಲ್ಲಿ ಸಂಧ್ಯಾರಾಣಿ ಎಂಬಾಕೆ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿ ಪಾಸ್ತಾ ಮಾರುತ್ತಿದ್ದಳು. ಒಳಗೆ ಒಲೆ ನೋಡಿಕೊಳ್ಳುವವಳು ಅತ್ತೆ ಶಂಕ್ರಮ್ಮ.

"ಶೇಂಗಾ ಹಾಕ್ತೀರೇನ್ರೀ? ಮಗಳಿಗೆ ಜೀವಕ್ಕೇ ಬರ್ತೈತೆ," ಎಂದು ಮಮತಾ ಕೇಳಿದಳು.

"ಇಲ್ಲಕ್ಕ. ಹಾಲು, ಮೈದಾ, ಬೆಣ್ಣೆ, ಅಷ್ಟೇ."

"ಒಳಗೂ ಒಂದ್ ಮಾತು ಕೇಳ್ರಿ."

"ಅವರಿಗೆ ಕಲಿಸಿದ್ದೇ ನಾನು!" ಎಂದು ಸಂಧ್ಯಾರಾಣಿ ನಕ್ಕಳು.

ಮಮತಾಳಿಗೆ ನಗು ಬರಲಿಲ್ಲ. ಎದ್ದು ಅಡುಗೆಮನೆ ಬಾಗಿಲವರೆಗೆ ಹೋದಳು. ನಾನೇ ನೋಡುತ್ತೇನೆ ಎನ್ನಲು ಬಾಯಿ ತೆರೆದವಳು ಹೊಸ್ತಿಲ ಈಚೆಯೇ ನಿಂತಳು. ಅಷ್ಟರಲ್ಲಿ ಸಂಧ್ಯಾರಾಣಿ ಹೊಗೆಯಾಡುವ ತಟ್ಟೆ ಹಿಡಿದು ಅವಳ ಪಕ್ಕದಲ್ಲೇ ಹಾದು, ಅಕ್ಷಿತಾಳ ಮುಂದಿಟ್ಟಳು.

ಒಳಗೆ ಶಂಕ್ರಮ್ಮ ಮುಂದಿನ ಬಾಣಲೆಗೆ ಸೌಟು ಇಳಿಸಿ ನೋಡಿದಳು. ಸಾಸು ನೀರಾಗಿತ್ತು. ಡಬ್ಬಿಯಿಂದ ಒಂದು ಚಮಚ ಕಂದು ಪುಡಿ ತೆಗೆದು ಹಾಕಿದಳು, ದಿನವೂ ಮಾಡುವ ಕೆಲಸದಂತೆ.

"ಅದೇನ್ ಪುಡಿರೀ?" ಮಮತಾಳ ದನಿ ಅವಳಿಗೇ ಕೇಳಲಿಲ್ಲ. ಶಂಕ್ರಮ್ಮ ತಿರುಗಲಿಲ್ಲ. ಹಿಂದೆ ತಟ್ಟೆಗೆ ಚಮಚ ತಾಗಿದ ಸದ್ದು. ಮಮತಾ ಹೊಸ್ತಿಲು ದಾಟಿ ಓಡಿ ಡಬ್ಬಿಗೆ ಮೂಗಿಟ್ಟಳು. ಹುರಿದ ಶೇಂಗಾ!

"ಹೋಲ್ಡಾನ್!"

ಬಾಯಿಯ ಹತ್ತಿರ ಹೋಗಿದ್ದ ಚಮಚ ಅಲ್ಲೇ ನಿಂತಿತು.

"ತಿಂದ್ಯಾ?"

"ಇಲ್ಲವ್ವ."

ಮಮತಾ ಡಬ್ಬಿಯನ್ನು ಶಂಕ್ರಮ್ಮನ ಮುಂದೆ ಹಿಡಿದಳು.

"ಗಟ್ಟಿ ಆಗ್ಲಿ ಅಂತ ಎಲ್ಲಾದಕ್ಕೂ ಒಂದ್ ಚಮಚ ಹಾಕ್ತೀನಿ. ಅದೂ ಒಂದು ಲೆಕ್ಕಾನಾ?" ಎಂದಳು ಶಂಕ್ರಮ್ಮ.

"ಆ ಒಂದ್ ಚಮಚಕ್ಕೆ ನನ್ ಮಗಳು ಸಾಯ್ತಾಳ್ರೀ."

ಶಂಕ್ರಮ್ಮನ ಕಣ್ಣು ಮಮತಾಳ ಕಾಲಿನತ್ತ ಹೋಯಿತು. ಆಗಲೇ ಮಮತಾಳಿಗೂ ತಿಳಿದದ್ದು, ತಾನು ಆ ಮನೆಯ ಒಲೆಯ ಮುಂದೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೇನೆಂದು. ಅವ್ವ ಹೇಳಿದ ಮರ್ಯಾದೆ ಈಗ ಹೋಗುತ್ತದೆ ಎಂದು ಕಾದಳು.

ಶಂಕ್ರಮ್ಮ ಹೊರಗೆ ಕೂತ ಹುಡುಗಿಯನ್ನು ನೋಡಿದಳು. ಪುಡಿಯ ಡಬ್ಬಿಯನ್ನೂ ಹುಡುಗಿಯ ಮುಂದಿದ್ದ ತಟ್ಟೆಯನ್ನೂ ಸೊಸೆಯ ಕೈಲಿ ಹಿತ್ತಲಿಗೆ ಕಳಿಸಿದಳು. ಒಲೆಗೆ ಬೇರೆ ಬಾಣಲೆ ಇಟ್ಟಳು.

"ಚಪ್ಪಲಿ ಬಿಟ್ ಬಾರವ್ವ. ಇಲ್ಲೇ ನಿಂತು ನೋಡ್ಕ. ನೀನು ರೈಟ್ ಅಂದ್ಮೇಲೇ ತಟ್ಟೆ ಹೊರಗೆ ಹೋಗ್ಲಿ."

ಮಮತಾ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದಳು.

"ಸೌಟೂ ಬೇರೆ ತಗಳ್ರಿ. ಕೈನೂ ಸೋಪು ಹಾಕಿ ತೊಳಕಳ್ರಿ," ಎಂದಳು, ಕೊನೆಯ ಸೀಟಿಗೂ ಕೇಳುವ ದನಿಯಲ್ಲಿ.