ಕೌದಿಯ ಮೂಲೆಯಲ್ಲಿಟ್ಟ ರೊಟ್ಟಿ ಚೂರು

ಫೆರೆಟ್ ಎಂಬ ಸಾಕುಪ್ರಾಣಿಯನ್ನು ಮನೆಗೆ ತಂದದ್ದು ನನ್ನ ಗಂಡ. ಉದ್ದ ಮೈ, ಗಿಡ್ಡ ಕಾಲು, ನೋಡಿದರೆ ಥೇಟ್ ಮುಂಗುಸಿ. ಒಮ್ಮೆ ಈ ಪರದೇಶದ ದೇವಸ್ಥಾನದಲ್ಲಿ ಮೈಸೂರು ಕಡೆಯ ಆಂಟಿಯೊಬ್ಬರು, "ಏನ್ರೀ, ಮನೇಲಿ ಮುಂಗುಸಿ ಸಾಕ್ಕೊಂಡಿದೀರಂತೆ? ಹಾವು ಬರುತ್ತಾ ನಿಮ್ಮನೇಗೆ?" ಎಂದು ಎಲ್ಲರೆದುರು ನಕ್ಕರು. ನಾನೂ ನಕ್ಕೆ. ಹಾವಾದರೂ ಬರಲಿ ತಾಯಿ, ಯಾರಾದರೂ ಬಂದರೆ ಸಾಕಾಗಿದೆ ಎಂದು ಅಲ್ಲಿ ಹೇಳುವ ಹಾಗಿರಲಿಲ್ಲ.

ಗಂಡನ ಕೆಲಸ ಐದು ತಾಸಿನ ದಾರಿಯ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿಗೆ ಹೋಗಿತ್ತು. ಅಲ್ಲಿ ಹಿಡಿದ ಬಾಡಿಗೆ ರೂಮಿನಲ್ಲಿ ಪ್ರಾಣಿ ಇಟ್ಟುಕೊಳ್ಳುವಂತಿಲ್ಲವೆಂದು ಫೆರೆಟ್ ಟ್ರಾಯ್ ಊರಿನ ನಮ್ಮ ಮನೆಯಲ್ಲಿ ನನ್ನ ಬಳಿ ಉಳಿಯಿತು. ಮೊದಮೊದಲು ಪ್ರತಿ ಶುಕ್ರವಾರ ಡ್ರೈವ್ ಮಾಡಿಕೊಂಡು ಬರುತ್ತಿದ್ದವರು ಆಮೇಲೆ ಹಿಮ ಎಂದರು, ಆಮೇಲೆ ಕೆಲಸ ಎಂದರು, ಆಮೇಲೆ ನೆಪ ಹೇಳುವುದನ್ನೂ ಬಿಟ್ಟರು. ನಮಗೆ ಮಕ್ಕಳಿಲ್ಲ. ನನ್ನ ಆಫೀಸು ಮನೆಯ ಮೇಜೇ. ದಿನವಿಡೀ ನಾನು ಬಾಯಿಬಿಟ್ಟು ಕನ್ನಡ ಮಾತಾಡುತ್ತಿದ್ದದ್ದು ಆ ಫೆರೆಟ್ ಜೊತೆ ಮಾತ್ರ. ತುಂಟರನ್ನು ನಮ್ಮ ಕಡೆ ಬೈಯುವ ಖೋಡಿ ಎಂಬ ಮಾತೇ ಅದರ ಹೆಸರಾಗಿತ್ತು. "ಏ ಖೋಡಿ, ನನ್ನ ಸಾಕ್ಸ್ ಎಲ್ಲಿ ಒಯ್ದಿ?" ಎಂದರೆ ಸೋಫಾದ ಕೆಳಗಿನಿಂದ ಮೂಗು ತೋರಿಸುತ್ತಿತ್ತು. ಅದೊಂದು ಮೂಗು ಇರದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು.

ಅದರ ಹಾಸಿಗೆಯದೇ ದೊಡ್ಡ ತಲೆನೋವು. ಗಂಡ ಹಾಕಿಟ್ಟಿದ್ದ ಮರದ ಹೊಟ್ಟಿನ ಘಾಟಿಗೆ ಒಂದೇ ಸಮನೆ ಸೀನುತ್ತಿತ್ತು. ಟವೆಲ್ ಹಾಸಿದೆ, ನೂಲಿನ ಎಳೆಗೆ ಉಗುರು ಸಿಕ್ಕಿ ಕಿರುಚಿತು. ಅಂಗಡಿಯಲ್ಲಿ ಹಾಸಿಗೆ ಆರಿಸುತ್ತ ನಿಂತು ನಿಂತು ಬೇಸತ್ತು, ಧಾರವಾಡದ ಹೆಣ್ಣಿಗೆ ಈ ಅಂಗಡಿಯವರ ಹಂಗೇಕೆ ಎಂದು ಅವ್ವನ ಹಳೆಯ ನೂಲಿನ ಸೀರೆ ಹರಿದು, ಪದರ ಸೇರಿಸಿ ಪುಟ್ಟದೊಂದು ಕೌದಿ ಹೊಲಿದೆ. ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದರು. ಕೌದಿಯ ಹೊಟ್ಟೆ ತುಂಬಿರಬೇಕು, ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎನ್ನುತ್ತಿದ್ದಳು ಅವ್ವ. ನಾನೂ ಇಟ್ಟೆ. ತುಪ್ಪ ಬೇರೆ ಸವರಿ ಇಟ್ಟೆ, ಭಾರಿ ಶಾಣ್ಯಾಕಿ, ಜಾಣಿ!

ಖೋಡಿ ಅದರೊಳಗೆ ಸುರುಳಿ ಸುತ್ತಿ ಮಲಗಿದ್ದನ್ನು ನೋಡಿ, ಎಷ್ಟೋ ದಿನದ ಮೇಲೆ ನಾನೂ ಹೊಟ್ಟೆ ತುಂಬ ಉಂಡೆ. ಆದರೆ ಅದೇ ವಾರ ಒಂದು ಬೆಳಿಗ್ಗೆ ಅದು ತಟ್ಟೆ ಮುಟ್ಟಲಿಲ್ಲ. ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿತ್ತು. ಕೌದಿ ಎತ್ತಿ ನೋಡಿದರೆ ಆ ಮೂಲೆಯೇ ಇಲ್ಲ. ರೊಟ್ಟಿಯ ವಾಸನೆಗೆ ಬಟ್ಟೆ ಸಮೇತ ನುಂಗಿಬಿಟ್ಟಿತ್ತು. ಅದನ್ನು ಎದೆಗವಚಿಕೊಂಡು ಕಾರಿಗೆ ಓಡಿದೆ.

ಹತ್ತಿರದ ಊರು ಲಿವೋನಿಯಾದ ಪ್ರಾಣಿವೈದ್ಯೆ ಎಕ್ಸ್‌ರೇ ತೋರಿಸಿ, ಕರುಳಿಗೆ ಬಟ್ಟೆ ಅಡ್ಡಬಂದಿದೆ, ಈಗಲೇ ಆಪರೇಷನ್ ಆಗಬೇಕು, ಉಳಿಯುತ್ತದೆಂದು ಮಾತು ಕೊಡಲಾರೆ ಎಂದಳು. ಹೊದಿಕೆಯೊಳಗೆ ರೊಟ್ಟಿ ಯಾಕಿತ್ತು ಎಂದೂ ಕೇಳಿದಳು. ಹೊದಿಕೆಗೆ ಹಸಿವಾಗಬಾರದು ಅಂತ ಎಂದು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಆಪರೇಷನ್ ಕಾಗದಕ್ಕೆ ಸಹಿ ಹಾಕಿದೆ. ಗಂಡನಿಗೆ ಫೋನ್ ಮಾಡಿದೆ. "ಹೊಂಟೆ" ಎಂದರು. ನನಗೆ ಜ್ವರ ಬಂದಾಗ ಬರದವರು ಸಂಜೆಯೊಳಗೆ ಬಂದು ನಿಂತರು.

ಖೋಡಿ ಬದುಕಿತು. ಅದು ಮನೆಗೆ ಬರುವತನಕ ಗಂಡ ಇಲ್ಲೇ ಇದ್ದರು. ಇನ್ನು ಮೇಲೆ ಮೆತ್ತನೆಯ ಫ್ಲೀಸ್ ಬಟ್ಟೆಯೇ ಹಾಸಬೇಕು, ದಾರ ಹೊರಗೆ ಕಾಣಬಾರದು, ಕಚ್ಚಿದ ಗುರುತು ಕಂಡ ದಿನವೇ ಎಸೆಯಬೇಕು ಎಂದಿದ್ದಳು ವೈದ್ಯೆ. ನಾನು ಫ್ಲೀಸ್ ತಂದು, ಅಂಚು ಒಳಗೆ ಮಡಚಿ ಮಲಗುವ ಚೀಲ ಹೊಲಿಯುತ್ತಿದ್ದೆ. ಆಗ ಗಂಡ, "ಇದನ್ನ ನಾನ ಒಯ್ತೀನಿ. ಈಗಿರೋ ಅಪಾರ್ಟ್‌ಮೆಂಟಿನ್ಯಾಗ ಪೆಟ್ಸ್ ಇಟ್ಕೊಳ್ಳಿಕ್ಕೆ ಬಿಡ್ತಾರ" ಎಂದರು.

"ಮನಿ ಬದಲಿ ಮಾಡಿದ್ದು ಯಾವಾಗ?"

"ದೀಪಾವಳಿಕಿಂತ ಮೊದಲ."

ಆಗ ಯುಗಾದಿ ಹತ್ತಿರ ಬಂದಿತ್ತು. "ನನಗ ಯಾವಾಗ ಹೇಳಾವ್ರಿದ್ರಿ?" ಎಂದೆ. ಅವರು ಪಂಜರ ಒರೆಸುತ್ತಲೇ ಇದ್ದರು. ಬೇಡ, ಒಯ್ಯಬೇಡ್ರಿ ಎನ್ನಲು ನನಗೆ ಬಾಯಿ ಎಲ್ಲಿತ್ತು? ಅದನ್ನು ಕೊಲ್ಲುವುದೊಂದು ಬಾಕಿ ಉಳಿಸಿದ್ದೆ. ಇದನ್ನು ಒಯ್ತೀನಿ ಎಂದ ಬಾಯಿಂದ ನೀನೂ ಬಾ ಎಂಬ ಮಾತು ಬರಲೆಂದು ಕೊನೆಯ ಹೊಲಿಗೆಯವರೆಗೂ ಕಾದೆ. ಬರಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಪಂಜರ ಇಟ್ಟರು. ಖೋಡಿ ಎಂದಿನಂತೆ ನನ್ನತ್ತ ಮೂಗು ತೋರಿಸಿತು. ಗಂಡ ಚೀಲದ ಮೂಲೆಗಳನ್ನು ಒಂದೊಂದಾಗಿ ಹಿಸುಕಿ ನೋಡಿದರು.

"ಒಳಗ ಏನೂ ಇಟ್ಟಿಲ್ಲ, ಹೌದಿಲ್ಲೋ?"

"ಇಲ್ಲ," ಎಂದೆ. "ಈ ಸಲ ಖಾಲಿನೇ ಹೊಲಿದೀನಿ."