ಒಂದೇ ಗೆರೆಗೆ ಎರಡು ಅಳತೆ

ಸಾವಿನ ಮೂರನೇ ದಿನದ ಜಿಯಾರತ್ ಮುಗಿದು, ಬಂದ ಬಳಗವೆಲ್ಲ ತಮ್ಮ ತಮ್ಮ ಊರಿಗೆ ಹೋದ ಮೇಲೆ ಇಬ್ರಾಹಿಂಪುರದ ಆ ಮನೆಯಲ್ಲಿ ಮೊದಲ ಮಾಮೂಲಿ ಬೆಳಗಾಯಿತು. ಹಾಲಿನವನು ಬಂದುಹೋದ. ರುಕ್ಸಾರ ಚಹಾಕ್ಕೆ ನೀರಿಟ್ಟಳು. ಆಗ ತೀರಿಹೋದ ಗಂಡ ಯುನುಸರ ಫೋನು ರಿಂಗಾಯಿತು. ತಿಕೋಟಾದ ಸಂಗನಬಸವ ಎಂಬ ರೈತರು. ಸುದ್ದಿ ತಿಳಿಯದವರು.

"ಯುನುಸ ಸರ್, ನಿಮ್ಮ ನಕ್ಷೆ ಎಡಕ್ಕೊಂದು ಹೇಳತೈತಿ, ಬಲಕ್ಕೊಂದು ಹೇಳತೈತಿ. ಬಲಗಡೆ ಫೂಟು ನಂಬಿ ಬೋರಿಗೆ ಮೋಟರ್ ಇಳಿಸಿದ್ವಿ. ನೀರs ಸಿಗಲಿಲ್ಲ, ಸುಟ್ಟು ಕುಂತೈತ್ರಿ."

ಗಂಡ ಇಲ್ಲವೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನೋಡತೇನ್ರಿ" ಎಂದು ಫೋನಿಟ್ಟಳು.

ಬಾವಿಗಳ ನೀರಿನ ಆಳವನ್ನು ಗೆರೆಯಾಗಿ ತೋರಿಸುವ ಆ ನಕ್ಷೆಯ ಹಿಂದೆ ಇದ್ದವರು ಪ್ರೊ. ಶಂಕ್ರೆಪ್ಪ ತೊರವಿಯವರು. ಭೂವಿಜ್ಞಾನದ ಪ್ರಾಧ್ಯಾಪಕರಾಗಿ ಈ ವರ್ಷ ನಿವೃತ್ತರಾದ ಅವರು, ವಿಜಯಪುರ ಸೀಮೆಯ ಅಂತರ್ಜಲವನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಬಾವಿಯ ದಂಡೆಯಲ್ಲಿ ಬಗ್ಗಿ ನೋಡಿದ್ದೇ ಹೆಚ್ಚು. ತಿಕೋಟಾ, ಬಬಲೇಶ್ವರದ ಬಾವಿ ಬೋರುಗಳಿಗೆ ಮೂರು ದಶಕ ಟೇಪು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂದು ಬರೆದಿಟ್ಟವರು. ಅದನ್ನು ಇಲಾಖೆಗೆ ಕೊಟ್ಟು ಕೈತೊಳೆದುಕೊಳ್ಳದೆ ಬಾವಿಯವರಿಗೂ ತಿಳಿಯಬೇಕೆಂದು ಹಟ ಹಿಡಿದವರು.

ರುಕ್ಸಾರ ಅವರ ಎಂ.ಎಸ್ಸಿ. ವಿದ್ಯಾರ್ಥಿನಿ. ಹುಡುಗರ ಜೊತೆ ಊರೂರು ತಿರುಗುವುದು ಬೇಡವೆಂದು ಅವಳ ತಂದೆ ಲಾಡಲೇಸಾಬರು ತಡೆದಾಗ ಸರ್ ಮನೆಗೆ ಬಂದು ಚಹಾ ಕುಡಿದರು, ವಾದ ಮಾಡಲಿಲ್ಲ. ಮುಂದಿನ ವಾರ ಜೀಪಿನಲ್ಲಿ ಅವರ ಹೆಂಡತಿ ಸೌಭಾಗ್ಯಮ್ಮನವರು ರೊಟ್ಟಿಯ ಬುಟ್ಟಿಯೊಂದಿಗೆ ಕುಳಿತಿದ್ದರು. ಬಾವಿಯ ಬಗ್ಗೆ ಅವರಿಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಆದರೂ ರುಕ್ಸಾರಳ ಓದು ಮುಗಿಯುವವರೆಗೆ ಒಂದು ತಿರುಗಾಟವನ್ನೂ ತಪ್ಪಿಸಲಿಲ್ಲ.

ಯುನುಸರೂ ಅದೇ ಜೀಪಿನಲ್ಲಿ ತಿರುಗಿದ ವಿದ್ಯಾರ್ಥಿ. ಮುಂದೆ ಸರ್ ಬರೆದಿಟ್ಟ ಅಳತೆಗಳನ್ನೆಲ್ಲ ಜಾಲತಾಣಕ್ಕೆ ಏರಿಸಿದವರು ಅವರೇ. ಮೊದಲು ನಕ್ಷೆಯಲ್ಲಿ ಎಡಕ್ಕೆ ಮೀಟರ್ ಮಾತ್ರ ಇತ್ತು. "ಮೀಟರ್ ಇಲಾಖೆಗಾತು, ಬಾವಿಯವ್ರು ಫೂಟಿನ್ಯಾಗ ಮಾತಾಡ್ತಾರ" ಎಂದು ಸರ್ ಹೇಳಿದ ಮೇಲೆ ಬಲಕ್ಕೆ ಫೂಟು ಬಂತು.

ಫೋನು ಬಂದ ಮಧ್ಯಾಹ್ನ ರುಕ್ಸಾರ ಲ್ಯಾಪ್‌ಟಾಪು ತೆರೆದಳು. ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಗೆರೆ ಒಂದೇ, ಆದರೆ ಎರಡು ಅಕ್ಷಗಳ ತಳವನ್ನು ಆರಿಸುವ ಕೆಲಸವನ್ನು ಯುನುಸರು ಯಂತ್ರಕ್ಕೇ ಬಿಟ್ಟಿದ್ದರು. ಅದು ಎಡಕ್ಕೆ ಇಪ್ಪತ್ತು ಮೀಟರ್ ಎಂದೂ ಬಲಕ್ಕೆ ಅರವತ್ತು ಫೂಟು ಎಂದೂ ಚೆಂದದ ಅಂಕಿ ಆರಿಸಿಕೊಂಡಿತ್ತು. ಇಪ್ಪತ್ತು ಮೀಟರಿಗೆ ಅರವತ್ತೈದೂವರೆ ಫೂಟು ದಾಟುತ್ತದೆ. ಹಾಗಾಗಿ ಗೆರೆ ಕೆಳಗಿಳಿದಷ್ಟೂ ಬಲಗಡೆಯ ಅಂಕಿ ನೀರನ್ನು ಇದ್ದದ್ದಕ್ಕಿಂತ ಮೇಲೆ ತೋರಿಸುತ್ತಿತ್ತು. ಎಡಗಡೆಯ ಅಳತೆಯನ್ನೇ ಗುಣಿಸಿ ಬಲಗಡೆಯ ತುದಿ, ತಳ ಗೊತ್ತುಮಾಡಿದಳು. ಎರಡೂ ಕೂಡಿಕೊಂಡವು. ತಪ್ಪಿನ ಬಗ್ಗೆ ನಕ್ಷೆಯ ಕೆಳಗೆ ಒಂದು ಮಾತನ್ನೂ ಬರೆಯಲಿಲ್ಲ. ಹೋದವರ ಹೆಸರು ಕೆಡುವುದು ಬೇಡವಾಗಿತ್ತು.

ಸರ್ ಮಾತನಾಡಿಸಲು ಬಂದಾಗ ಅವಳು ಇದ್ದತ್ತಿನಲ್ಲಿದ್ದಳು, ವಿಧವೆ ಮನೆ ಬಿಟ್ಟು ಹೊರಬಾರದ ತಿಂಗಳುಗಳು. ಅವರು ಹೊಸ್ತಿಲಾಚೆ ನಿಂತು ಅತ್ತೆ ಮಕ್ತುಮಬಿಯವರ ಕಡೆಯಿಂದಲೇ ಅವಳ ಊಟ, ಆರೋಗ್ಯ ಕೇಳಿ ಹೋದರು. ನಕ್ಷೆಯ ಮಾತೇ ಎತ್ತಲಿಲ್ಲ.

ಎತ್ತಿದವರು ಬಬಲೇಶ್ವರದಲ್ಲಿ ಸೇರಿದ ರೈತರ ಸಭೆಯವರು. ಸರ್ ನಿವೃತ್ತಿಗೆ ಮುಂಚಿನ ಕೊನೆಯ ಸಭೆ ಅದು. ಅಲ್ಲಿದ್ದ ಗೆಳತಿ ಮುಬೀನ ಬಂದು ಎಲ್ಲ ಹೇಳಿದಳು. ಸಂಗನಬಸವ ಎದ್ದುನಿಂತು, "ಸರ್, ನಿಮ್ಮ ಕಾಲೇಜಿನ್ಯಾಗ ಮೀಟರಿಗೆ ಎಷ್ಟು ಫೂಟು ಕಲಸ್ತೀರಿ?" ಎಂದರಂತೆ. ಸಭೆಯೆಲ್ಲ ನಕ್ಕಿತಂತೆ. ನಕ್ಷೆ ಮಾಡಿದವರು ಯಾರೆಂದು ಇನ್ನೊಬ್ಬರು ಕೇಳಿದಾಗ ಸರ್ ತಲೆ ತಗ್ಗಿಸಿಯೇ ಉತ್ತರ ಕೊಟ್ಟರಂತೆ.

"ಫೂಟು ಹಾಕಂತ ಹಟ ಹಿಡದಾಂವ ನಾ. ಟೇಪು ಹಚ್ಚಿ ನೋಡದs ಊರಿಗೆ ತೋರಿಸಿದಾಂವನೂ ನಾ. ಬೈಯೂದಿದ್ರ ನನಗ ಬೈರಿ."

ಸುಟ್ಟ ಮೋಟರನ್ನು ಮರುದಿನ ತಾವೇ ಹೊತ್ತೊಯ್ದು ಹೊಸ ತಂತಿ ಸುತ್ತಿಸಿ ಕೊಟ್ಟರಂತೆ.

ರುಕ್ಸಾರಳಿಗೆ ಮುಬೀನಳ ಮುಖ ನೋಡಲಾಗಲಿಲ್ಲ. ಗಂಡ ಸತ್ತ ದಿನವೂ ಬಾರದ ಅಳು ಆಗ ಬಂತು. ಅದು ದುಃಖದ್ದಲ್ಲ, ನಾಚಿಕೆಯದು. ಬಾವಿ ತೋರಿಸಿಕೊಟ್ಟ ಮನುಷ್ಯ ತುಂಬಿದ ಸಭೆಯಲ್ಲಿ ನಗೆಗೀಡಾಗಿದ್ದರು. ತಪ್ಪು ಗೊತ್ತಿದ್ದವಳು ಬಾಗಿಲ ಹಿಂದೆ ಸುಮ್ಮನೆ ಕುಳಿತಿದ್ದಳು. ಅವಳು ನಕ್ಷೆಯ ಕೆಳಗೆ ಬರೆಯಲು ಕುಳಿತಳು.

"ಸತ್ತಾಂವನ ಹೆಸರ ಯಾಕ ಬೇ?" ಎಂದರು ಮಕ್ತುಮಬಿ.

"ಇದ್ದವ್ರ ಹೆಸರ ಹೋಗಾಕತ್ತೈತಿ, ಅದಕ್ಕರೀ."

ಬಲಗಡೆಯ ಫೂಟು ಇಷ್ಟು ದಿನ ತಪ್ಪಾಗಿತ್ತು, ನಕ್ಷೆ ರಚಿಸಿದವರು ಯುನುಸ, ತಿದ್ದಿದವಳು ರುಕ್ಸಾರ, ತೊರವಿ ಸರ್ ಕೊಟ್ಟ ಅಳತೆಗಳಲ್ಲಿ ತಪ್ಪಿರಲಿಲ್ಲ. ಅಷ್ಟೇ ಬರೆದಳು. ಮಕ್ತುಮಬಿ ಎರಡು ದಿನ ಮಾತು ಬಿಟ್ಟರು.

ಇದ್ದತ್ ಮುಗಿದ ಮೇಲೆ ಅವಳು ಮೊದಲು ಹೋದದ್ದು ಸರ್ ಮನೆಗೆ. ಕೈಯಲ್ಲಿ ಅವರ ಉಕ್ಕಿನ ಟೇಪು ಇತ್ತು, ಒಂದು ಬದಿ ಮೀಟರ್, ಇನ್ನೊಂದು ಬದಿ ಫೂಟು. ಯುನುಸರು ಎರವಲು ತಂದದ್ದು ಮನೆಯಲ್ಲೇ ಉಳಿದಿತ್ತು. ಸರ್ ಅದನ್ನು ತಿರುಗಿಸಿ ಎರಡೂ ಬದಿ ನೋಡಿದರು.

"ಬರದಿದ್ದು ಓದೀನಿ. ಅಂವಗ ಸಂಶೇ ಬಂದಿತ್ತವಾ, ತಾಳೆ ನೋಡಾಕs ಟೇಪು ಒಯ್ದಿದ್ದ. ಟೈಮ್ ಸಿಗಲಿಲ್ಲ ಅಷ್ಟ."

ರುಕ್ಸಾರ ಹೂಂ ಎಂದಿದ್ದರೆ ಆ ಮಾತು ಹಾಗೆಯೇ ನಿಲ್ಲುತ್ತಿತ್ತು.

"ಇಲ್ರಿ ಸರ್. ಕಿಡಕಿ ಪರದೆ ಅಳಿಯಾಕ ತಂದಿದ್ರು."

ಸರ್ ಟೇಪನ್ನು ಪಕ್ಕಕ್ಕಿಟ್ಟರು. "ಪರದೆ ಸರಿ ಕುಂತಾವೇನವಾ?"

"ಕುಂತಾವ್ರಿ. ಒಂದs ಬದಿ ನೋಡಿ ಅಳದಿದ್ರು."

ಸೌಭಾಗ್ಯಮ್ಮ ಒಳಗಿನಿಂದ ರೊಟ್ಟಿ ಬುಟ್ಟಿ ತಂದರು. ನಾಳೆ ತಿಕೋಟಾಕ್ಕೆ ಹೋಗುವುದಿತ್ತಂತೆ, ನಿವೃತ್ತಿ ಆದರೇನು. ತೊರವಿ ಸರ್ ನೂರು ಕಾಲ ಬಾಳಲಿ, ಬಾವಿಯ ದಂಡೆಯಲ್ಲಿ ಅವರ ಬೆನ್ನು ಇನ್ನೂ ಬಹುಕಾಲ ಬಾಗುತ್ತಿರಲಿ. ರುಕ್ಸಾರ ಟೇಪನ್ನು ಎತ್ತಿ ಅವರ ಎರಡೂ ಕೈಗಳಲ್ಲಿಟ್ಟಳು.