ಫೋನಿಗೆ ವಿಭೂತಿ ಹಚ್ಚಿದ ಮೇಲೆ

ಖಂಡೇಪೂಜೆಯ ಮರುದಿನ ನಮ್ಮ ಮನೆಯವರು ಫೋನನ್ನು ನನ್ನ ಕಡೆಗೆ ನೂಕಿ "ಛೀ" ಅಂದರು. ಲಕ್ವಾ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು "ಹ್ಞಾಂ" ಮತ್ತು "ಛೀ" ಎರಡೇ. ಬಲಗೈ ಪೂರಾ ಹೋಗಿದೆ. ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತದೆ.

ನೋಡಿದೆ. ಆಟದ ಆ್ಯಪ್ ತೆರೆದಿತ್ತು. ಒಳಗೆ ಆಟ ಇರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು ಏನೋ ಬರೆದಿತ್ತು, ಉಳಿದದ್ದೆಲ್ಲ ಕಪ್ಪು. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಕನ್ನಡ. ಫೋನನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಮತ್ತೆ ಕಪ್ಪು.

ಮಕ್ಕಳು ಸಣ್ಣವರಿದ್ದಾಗ ಟಿ.ವಿ.ಗೆ ಡಬ್ಬಿ ಜೋಡಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದ ಆಟ ಅದು. ಗಿಡ್ಡ ಮನುಷ್ಯನೊಬ್ಬ ಓಡುತ್ತಾನೆ. ತಗ್ಗು ಬಂದರೆ ಹಾರಿಸಬೇಕು, ಇಲ್ಲದಿದ್ದರೆ ಬಿದ್ದು ಸಾಯುತ್ತಾನೆ. ಡಬ್ಬಿ ಎಂದೋ ಗುಜರಿಗೆ ಹೋಯಿತು. ಅಂಥ ಹಳೇ ಆಟಗಳನ್ನು ಈಗಿನ ಫೋನಿನಲ್ಲಿ ಆಡಿಸುವ ಆ್ಯಪ್ ಇದೆಯಂತೆ. ಸೊಸೆ ಹಾಕಿಕೊಟ್ಟಳು. ಮೋಜಿಗೆ ಅಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದ್ದಳು: "ಹೆಬ್ಬೆಟ್ಟಿಗೆ ಕೆಲಸಾ ಕೊಡ್ರಿ ಅಮ್ಮಾರ. ಇಲ್ಲಂದ್ರ ಕೈ ಮುಷ್ಟಿ ಆಗಿ ಹಂಗ ಕುಂದರ್ತೈತಿ."

ಅವರು ಎಡಗೈಯಿಂದ ಉಣ್ಣುವುದಿಲ್ಲ. ಸತ್ತರೂ ಉಣ್ಣುವುದಿಲ್ಲ. ಆದ್ದರಿಂದ ರೊಟ್ಟಿ ಮುರಿದು ಬಾಯಿಗೆ ಇಡುವವಳು ನಾನು. ನನ್ನ ಮುಖ ನೋಡದೆ ನುಂಗುತ್ತಾರೆ. ಬಲಗೈಯ ಹೆಬ್ಬೆರಳು ಒಂದು ಅಲುಗಾಡಿದರೆ ಅವರ ರೊಟ್ಟಿ ಅವರು ಮುರಿದುಕೊಳ್ಳಬಹುದು. ನನಗೆ ಬೇಕಾಗಿದ್ದು ಅಷ್ಟೇ. ಅವರು ಮೊದಲಿನಂತೆ ಮಗ್ಗಕ್ಕೆ ಕೂಡುತ್ತಾರೆ, ಮಾತಾಡುತ್ತಾರೆ ಎಂಬ ಆಸೆ ನಾನು ಇಟ್ಟುಕೊಂಡಿಲ್ಲ.

ಎದುರು ಮನೆಯ ಮುದುಕ, ಅವನೂ ನೇಕಾರನೇ, ಕಟ್ಟೆಗೆ ಬಂದು ಕೂತು ನಗುತ್ತಿದ್ದ. "ಹುಟ್ಟಿದಾಗಿಂದ ಮಗ್ಗದ ತಗ್ಗಿನ್ಯಾಗ ಕಾಲ ಇಳಿಬಿಟ್ಟ ಕುಂತಾಂವ, ಈಗ ತಗ್ಗ ಹಾರೂದು ಕಲಿಯಾಕತ್ತಾನ ನೋಡ್ರಿ!" ಮನೆಯವರು "ಛೀ" ಅನ್ನುತ್ತಿದ್ದರು. ಆದರೂ ಆಡುತ್ತಿದ್ದರು. ಬಹಳ ದೂರ ಹೋಗಿದ್ದಾರೆ ಎಂದು ಸೊಸೆ ಹೇಳುತ್ತಿದ್ದಳು. ಸಣ್ಣವನಿದ್ದಾಗ ತಾನೂ ಅಲ್ಲಿಯವರೆಗೆ ಹೋಗಿರಲಿಲ್ಲ ಎಂದು ಮಗ ಅನ್ನುತ್ತಿದ್ದ.

ಫೋನ್ ಕೆಟ್ಟದ್ದು ನನ್ನ ಪೂಜೆಯಿಂದ. ಖಂಡೇಪೂಜೆಯ ದಿನ ಕೆಲಸದ ಸಾಮಾನುಗಳನ್ನೆಲ್ಲ ತೊಳೆದು ದೇವರ ಮುಂದೆ ಇಡುವುದು ನಮ್ಮಲ್ಲಿ ಪದ್ಧತಿ. ನನ್ನ ಮಗ್ಗದ ಲಾಳಿ, ಕತ್ತರಿ, ಮಗನ ಸುತ್ತಿಗೆ, ಸೊಸೆಯ ಹೊಲಿಗೆ ಯಂತ್ರ, ಎಲ್ಲಕ್ಕೂ ವಿಭೂತಿ ಹಚ್ಚಿದೆ. ಮನೆಯವರ ಸಾಮಾನು ಯಾವುದು? ಈಗ ಫೋನೇ. ಅದನ್ನೂ ಇಟ್ಟೆ. ನೆನೆಸಿದ ವಿಭೂತಿಯನ್ನು ಮೂರು ಬೆರಳಿನಿಂದ ಬೆನ್ನಿಗೆ ದಪ್ಪಗೆ ಎಳೆದೆ, ಮೇಲೆ ನೀರು ಚಿಮುಕಿಸಿದೆ. ಹಳೇ ಫೋನು, ಹಿಂದಿನ ಮುಚ್ಚಳ ಸಡಿಲ, ರಬ್ಬರ್ ಬ್ಯಾಂಡ್ ಹಾಕಿ ಬಿಗಿದದ್ದು. ನೀರು ಒಳಗೆ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಲಾಳಿಗೆ ಹೋಗುವುದಿಲ್ಲವಲ್ಲ.

ಸೊಸೆ ಸೆಟ್ಟಿಂಗಿಗೆ ಹೋಗಿ ಅದನ್ನು ಒತ್ತಿದಳು, ಇದನ್ನು ಒತ್ತಿದಳು. ಆ್ಯಪಿಗೆ ಫೈಲ್ ನೋಡುವ ಪರವಾನಗಿ ಕೊಟ್ಟಳು. ಏನೂ ಆಗಲಿಲ್ಲ. "ಆಟ ಮೆಮೊರಿ ಕಾರ್ಡ್‌ನ್ಯಾಗ ಇತ್ರಿ ಅತ್ತಿ. ಕಾರ್ಡ್ ತೋರಿಸವಲ್ದು" ಅಂದಳು. ಅವಳಿಗೆ ಹೊಲಿಗೆಯ ಅವಸರ ಇತ್ತು. ಫೋನನ್ನು ಸೆರಗಿಗೆ ಕಟ್ಟಿಕೊಂಡು ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಗೆ ನಾನೇ ಹೋದೆ.

ಅಂಗಡಿಯವನು ಮುಚ್ಚಳ ಬಿಚ್ಚಿದ. "ಆಯೀ, ಏನ್ರಿ ಇದು? ಒಳಗೆಲ್ಲಾ ಭಸ್ಮಾನ ಐತಲ್ಲ!"

"ಪೂಜಿ ಮಾಡೇನಿ."

"ಇಷ್ಟ್ ಮಾಡಿದವ್ರು ದೀಕ್ಷಾನೂ ಕೊಡಿಸಿಬಿಡ್ಬೇಕಿತ್ರಿ."

"ನೀ ಕೆಲಸಾ ಮಾಡೋ ತಮ್ಮಾ. ನಗೂದಕ್ಕ ಬ್ಯಾರೆ ರೊಕ್ಕಾ ಕೊಡಾಂಕಿ ಅಲ್ಲ ನಾ."

ಬ್ರಷ್ ಹಾಕಿ ತಿಕ್ಕಿದ, ಕಾರ್ಡನ್ನು ಒರೆಸಿ ಹಾಕಿದ, ತೆಗೆದ, ತನ್ನ ಕಂಪ್ಯೂಟರಿಗೂ ಹಾಕಿ ನೋಡಿದ. ಆಮೇಲೆ ನಗಲಿಲ್ಲ. "ಕಾರ್ಡ್ ಸತ್ತೈತ್ರಿ. ಹೊಸಾದು ಹಾಕ್ಬೇಕು."

"ಅವ್ರು ಎಲ್ಲಿತನಕಾ ಆಡಿದ್ರಲ್ಲ, ಅದು?"

"ಹೋತು. ಮೊದಲಿಂದ ಆಡ್ಬೇಕು."

ಸೊಸೆಯ ಫೋನಿನಲ್ಲಿ ಆಟದ ಫೈಲು ಇತ್ತು. ಅಂಗಡಿಯವನು ಅವಳಿಗೆ ಫೋನ್ ಮಾಡಿ ಅದನ್ನು ಕಳಿಸಿಕೊಂಡು ಹೊಸ ಕಾರ್ಡಿಗೆ ಹಾಕಿದ. ಆದರೂ ಆಟ ಬರಲಿಲ್ಲ. ಆ್ಯಪ್ ಇನ್ನೂ ಸತ್ತ ಕಾರ್ಡನ್ನೇ ಹುಡುಕುತ್ತಿದೆ ಅಂದ. "ಅದರ ತಲ್ಯಾಗ ಇದ್ದದ್ದೆಲ್ಲಾ ಅಳಿಸ್ತೇನ್ರಿ. ಆ್ಯಪ್ ಈಗ ಹೊಸಾದು ಹಾಕಿದಂಗ ಆಗ್ತೈತಿ." ಅಳಿಸು ಅಂದೆ. ಅಳಿಸಿದ. ಸಂಗೀತ ಬಂತು. ಮನೆಗೆ ಬಂದು ಒಲೆಯ ಮೇಲೆ ಬೇಳೆ ಇಟ್ಟೆ.

ಮನೆಯವರು ಫೋನ್ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಓಡಿಸುವ ಬಾಣಗಳು ಎಡಗಡೆ, ಹಾರಿಸುವ ಬಟನ್ ಬಲಗಡೆ. ಎಡಗೈಯಿಂದ ಓಡಿಸಿದರು. ಆ ಗಿಡ್ಡ ಮನುಷ್ಯ ಮೊದಲನೇ ತಗ್ಗಿಗೇ ಬಿದ್ದ. ಮತ್ತೆ ಓಡಿಸಿದರು. ಮತ್ತೆ ಅಲ್ಲೇ ಬಿದ್ದ. ಬಲಗೈ ಎತ್ತಲೇ ಇಲ್ಲ. ಆಮೇಲೆ ತಲೆ ಎತ್ತಿ ನನ್ನನ್ನಲ್ಲ, ಸೊಸೆಯನ್ನು ನೋಡಿದರು.

ಸೊಸೆ ಯಂತ್ರ ನಿಲ್ಲಿಸಿದಳು.

"ಏನದು?" ಅಂದೆ.

"ಹಾರೂ ಬಟನ್ ನಾ ಎಡಕ್ಕ ತಂದಿಟ್ಟಿದ್ದೆ ಅತ್ತಿ. ಎಲ್ಲಾ ಒಂದ ಕೈಗೆ ಸಿಗೂಹಂಗ. ಈಗ ಅಳಿಸಿದಾಗ ಮೊದಲಿನ ಜಾಗಕ್ಕ ಹೋಗೈತಿ."

"ಯಾವಾಗ ತಂದಿದ್ದಿ?"

"ಆಟ ಹಾಕಿಕೊಟ್ಟ ವಾರದಾಗ. ಮಾವಾರು ಬಿದ್ದು ಬಿದ್ದು ಅಳಾಕತ್ತಿದ್ರು. ನನಗ ನೋಡಾಕ ಆಗ್ಲಿಲ್ರಿ."

"ಅಂದ್ರ ಬಲಗೈ ಮುಟ್ಟೇ ಇಲ್ಲ."

"ಇಲ್ರಿ."

ನಾನು ದಿನಾ ಅವರಿಗೆ ಬೆನ್ನು ಹಾಕಿ ಮಗ್ಗದಲ್ಲಿ ಕೂತಿರುತ್ತೇನೆ. ಹಿಂದಿನಿಂದ ಆಟದ ಮನುಷ್ಯ ಹಾರುವ ಸದ್ದು ಬರುತ್ತಿತ್ತು. ಒಂದೊಂದು ಸದ್ದಿಗೂ ಹೆಬ್ಬೆರಳು ಅಲುಗಾಡಿತು ಎಂದುಕೊಂಡು ಲಾಳಿ ಹೊಡೆಯುತ್ತಿದ್ದೆ. ದವಾಖಾನೆಯ ಹುಡುಗಿ ಫೋನಿನಲ್ಲಿ ಕೇಳಿದಾಗಲೂ ಸುಧಾರಿಸಿದೆ ಅಂದಿದ್ದೆ. ದೀಪಾವಳಿ ಆದ ಮೇಲೆ ತೋರಿಸಲು ಹೋಗಬೇಕಿತ್ತು. ತೋರಿಸಲು ಏನೂ ಇರಲಿಲ್ಲ.

ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಅಳುವೂ ಬರಲಿಲ್ಲ. ಒಲೆಯ ಮೇಲಿನ ಬೇಳೆ ಉಕ್ಕೀತು ಎಂಬ ಯೋಚನೆ ಬಂತು.

"ಮತ್ತ ಎಡಕ್ಕ ಸರಿಸ್ಲೇನ್ರಿ?" ಸೊಸೆ ಕೇಳಿದಳು.

"ಹ್ಞಾಂ" ಅಂದರು ಮನೆಯವರು. ಅಷ್ಟು ಜೋರಾಗಿ ಅಂದದ್ದನ್ನು ಇತ್ತೀಚೆಗೆ ಕೇಳಿರಲಿಲ್ಲ.

"ಬ್ಯಾಡ" ಅಂದೆ ನಾನು.

"ಛೀ!"

"ಅನ್ರಿ. ಎಷ್ಟ್ ಬೇಕಾದಷ್ಟ್ ಅನ್ರಿ. ರೊಟ್ಟಿ ಮುರದು ಬಾಯಾಗ ಇಡೂಮುಂದ ಅನ್ನಂಗಿಲ್ಲಲ್ಲ."

ಅವರು ಮುಖ ತಿರುಗಿಸಿದರು. ಸೊಸೆ ಎದ್ದು ಒಳಗೆ ಹೋದಳು. ನಾನು ಹೋಗಿ ಅವರ ಬಲಕ್ಕೆ ಕೂತೆ. ಆ ಕೈಯನ್ನು ಎತ್ತಿದೆ. ತಣ್ಣಗಿತ್ತು, ಭಾರವಾಗಿತ್ತು. ಮಡಚಿಕೊಂಡಿದ್ದ ಬೆರಳುಗಳನ್ನು ಬಿಡಿಸಿ, ಹೆಬ್ಬೆರಳನ್ನು ಹಾರಿಸುವ ಬಟನ್ ಮೇಲೆ ಇಟ್ಟು, ಅದರ ಮೇಲೆ ನನ್ನ ಹೆಬ್ಬೆರಳು ಇಟ್ಟೆ.

"ಓಡಿಸ್ರಿ" ಅಂದೆ.

ತಿರುಗಿಸಿದ್ದ ಮುಖವನ್ನು ಫೋನಿನ ಕಡೆಗೆ ತಂದರು. ಆಮೇಲೆ ಎಡಗೈಯಿಂದ ಓಡಿಸಿದರು. ತಗ್ಗು ಬಂತು. ನಾನು ಒತ್ತುವುದು ತಡವಾಯಿತು. ಬಿದ್ದ. ಮತ್ತೆ ಓಡಿಸಿದರು. ಈ ಸಲ ಬೇಗ ಒತ್ತಿದೆ. ಬಿದ್ದ. ನನಗೂ ಬರುವುದಿಲ್ಲ ಆ ಆಟ. ಒಳಗೆ ಬೇಳೆ ಉಕ್ಕಿದ ವಾಸನೆ ಬಂತು, ಸೊಸೆ ಪಾತ್ರೆ ಇಳಿಸಿದ ಸಪ್ಪಳ ಕೇಳಿತು. ನಾವು ಏಳಲಿಲ್ಲ.

ಅದರ ನಂತರ ಒಂದು ಸಲ ಹಾರಿದ. ತಗ್ಗು ದಾಟಿ ಆಚೆ ಓಡಿದ. ನಾನು ಒತ್ತಿದೆನೋ, ಕೆಳಗಿನ ಹೆಬ್ಬೆರಳು ತಾನೇ ಒತ್ತಿತೋ ಗೊತ್ತಾಗಲಿಲ್ಲ. ಅವರ ಮುಖ ನೋಡಿದೆ. ಅವರಿಗೂ ಗೊತ್ತಾದಂತೆ ಕಾಣಲಿಲ್ಲ.

ಮುಂದಿನ ತಗ್ಗು ಬರುತ್ತಿತ್ತು. ನನ್ನ ಹೆಬ್ಬೆರಳನ್ನು ತೆಗೆದೆ.

ಬಿದ್ದ.

"ಓಡಿಸ್ರಿ" ಅಂದೆ.